ಒಂದೂವರೆ ಕಾಲು

ನಮ್ಮ ತೋಟದಲ್ಲಿ ಕಳೆ ತೆಗೆಯುವ ವಿಷಯದಲ್ಲಿ ಎರಡು ಪಂಥಗಳಿದ್ದವು. ಕತ್ತಿಯಲ್ಲಿ ಸರಸರ ಸವರಿ ಮುಗಿಸುವುದು ಆಳುಗಳ ಪಂಥ. ಬುಡಕ್ಕೆ ಕೈಹಾಕಿ ಬೇರು ಸಮೇತ ಕೀಳುವುದು ಅಪ್ಪಯ್ಯನ ಪಂಥ. "ಸವರಿದ್ದು ಎಂಟು ದಿನಕ್ಕೆ ಮತ್ತೆ ಹಾಜರ್. ಕಿತ್ತದ್ದು ತಿಂಗಳಾದರೂ ತಲೆ ಎತ್ತೂದಿಲ್ಲ" ಎನ್ನುತ್ತಿದ್ದರು. ಕಾಲಿನ ಕೂದಲ ವಿಷಯದಲ್ಲಿ ನಾನು ಮೂವತ್ತು ವರ್ಷದಿಂದ ಅಪ್ಪಯ್ಯನ ಪಂಥದವಳು. ಇದು ಅಪ್ಪಯ್ಯನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಸಂತೋಷಪಡುತ್ತಿದ್ದರೋ ಇಲ್ಲವೋ ಹೇಳಲಾರೆ.

ಮೊದಲು ನಾನೂ ಸವರುವವಳೇ. ಕಾಲೇಜಿಗೆ ಸೇರಿದ ವರ್ಷ ಅಪ್ಪಯ್ಯನ ಸೇಫ್ಟಿ ರೇಜರನ್ನು ಲಂಗದ ಮರೆಯಲ್ಲಿ ಬಚ್ಚಲಿಗೆ ಸಾಗಿಸಿ, ಕೆಲಸ ಮುಗಿಸಿ, ತೊಳೆದು, ಇದ್ದಲ್ಲೇ ಇಟ್ಟೆ. ಮರುದಿನ ಬೆಳಿಗ್ಗೆ ಅಪ್ಪಯ್ಯನ ಕೆನ್ನೆಯ ಮೇಲೆ ರಕ್ತ ನಿಲ್ಲಿಸಲು ಅಂಟಿಸಿಕೊಂಡ ಪೇಪರಿನ ಚೂರುಗಳು ಎರಡು. "ಈಗಿನ ಬ್ಲೇಡು ಬ್ಲೇಡೇ ಅಲ್ಲ" ಎಂದು ಅಂಗಡಿಯವನಿಗೆ ಬೈದರು. ನಾನು ತಲೆ ತಗ್ಗಿಸಿ ದೋಸೆ ತಿಂದೆ. ಬೋಳಿಸಿದರೆ ಕೂದಲು ದಪ್ಪವಾಗಿ ಬರುತ್ತದೆ ಎಂದು ಗೆಳತಿಯರು ಹೆದರಿಸಿದ್ದರು. ಹಾಗೇನೂ ಇಲ್ಲವಂತೆ. ಚೂಪಾಗಿದ್ದ ತುದಿ ಬ್ಲೇಡಿಗೆ ಸಿಕ್ಕಿ ಮೊಂಡಾಗುತ್ತದೆ, ಅದಕ್ಕೇ ಕೈಗೆ ಚುಚ್ಚುತ್ತದೆ, ಅಷ್ಟೇ. ಮೇಲೆ ಏನು ನಡೆಯಿತು ಎನ್ನುವುದು ಕೆಳಗಿನ ಬೇರಿಗೆ ತಿಳಿಯುವುದೇ ಇಲ್ಲ.

ಆಮೇಲೆ ಸಕ್ಕರೆ, ನಿಂಬೆರಸದ ಪಾಕದಲ್ಲಿ ಮನೆಯಲ್ಲೇ ವ್ಯಾಕ್ಸ್ ಮಾಡಲು ಹೋದೆ. ಉಂಡೆಪಾಕಕ್ಕೆ ಇಳಿಸಬೇಕಾದ್ದು ಅದನ್ನೂ ದಾಟಿ ಗಟ್ಟಿಯಾಗಿ ಕೂತಿತು. ತಮ್ಮ ಅದನ್ನು ಒಡೆದು ತಿಂದು, ಚೆನ್ನಾಗಿದೆ, ಶೇಂಗಾ ಹಾಕಬೇಕಿತ್ತು ಎಂದ.

ಇಂಥ ಹೊತ್ತಿನಲ್ಲಿ, 1993ರ ಬೇಸಿಗೆಯಲ್ಲಿ, ಅಮೆರಿಕದ ಅತ್ತೆ ಬಂದರು. ಎಲ್ಲರಿಗೂ ಚಾಕಲೇಟು, ನನಗೆ ಮಾತ್ರ ಕೋಣೆಗೆ ಕರೆದು ಒಂದು ಡಬ್ಬ. ಒಳಗೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರ. ಅದರ ಬಾಯಲ್ಲಿ ಕಮಾನಿನಂತೆ ಬಾಗಿದ ಸ್ಪ್ರಿಂಗು. "ನೋವಾಗೂದಿಲ್ಲ ಮಾರಾಯ್ತಿ, ಕಚಗುಳಿ ಇಟ್ಟ ಹಾಗೆ" ಎಂದರು. ಅತ್ತೆ ಜೀವನದಲ್ಲಿ ಆಡಿದ ಸುಳ್ಳು ಅದೊಂದೇ ಇರಬೇಕು.

ಯಂತ್ರದ ಉಪಾಯ ಸರಳ. ಬಾಗಿದ ಸ್ಪ್ರಿಂಗಿನ ಹೊರಮೈಯಲ್ಲಿ ಸುರುಳಿಗಳು ಬಾಯಿ ಬಿಟ್ಟಿರುತ್ತವೆ, ಒಳಮೈಯಲ್ಲಿ ಮುಚ್ಚಿರುತ್ತವೆ. ಅದು ಗಿರ್ರನೆ ತಿರುಗುವಾಗ ತೆರೆದ ಕಡೆ ಕೂದಲು ನುಗ್ಗುತ್ತದೆ, ತಿರುಗಿ ಮುಚ್ಚುವ ಕಡೆ ಬಂದಾಗ ಕಚ್ಚಿ ಎಳೆಯಲ್ಪಡುತ್ತದೆ. ಕೂದಲು ಸತ್ತ ವಸ್ತು, ಅದಕ್ಕೆ ನೋವಿಲ್ಲ. ಅದು ಹುಟ್ಟುವ ಗುಂಡಿಯ ಸುತ್ತ ಮಾತ್ರ ನರಗಳು ಕಾವಲು ಕೂತಿರುತ್ತವೆ. ಆ ಕಾವಲುಗಾರರೆಲ್ಲ ಅಂದು ಸಂಜೆ ಒಟ್ಟಿಗೆ ಬೊಬ್ಬೆ ಹೊಡೆದರು.

ಅಮೆರಿಕದ ಯಂತ್ರ ಬಯಸುವುದು ನೂರಹತ್ತು, ನೂರಿಪ್ಪತ್ತು ವೋಲ್ಟು. ನಮ್ಮದು 230. ಇದು ಅತ್ತೆಗೂ ಹೊಳೆಯಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ. ಆದರೂ ಅದು ಓಡಿತು! ಯಾಕೆಂದರೆ ಬೇಸಿಗೆಯ ಸಂಜೆ ಊರಿನ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನೀರು ಎತ್ತುತ್ತಿದ್ದವು. ನಮ್ಮ ಬಲ್ಬು ಕುಂಕುಮದ ಬಣ್ಣಕ್ಕೆ ಇಳಿದಿತ್ತು. ಮಲೆನಾಡಿನ ಆ ಸೊರಗಿದ ಕರೆಂಟು ಅಮೆರಿಕದ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಳುತ್ತ, ಹಲ್ಲು ಕಚ್ಚುತ್ತ, ನಡುನಡುವೆ ಅತ್ತೆಯನ್ನು ನೆನೆಯುತ್ತ ಬಲಗಾಲು ಮುಗಿಸಿದೆ. ಎಡಗಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಪಂಪುಗಳು ನಿಂತವು. ಬಲ್ಬು ಬೆಳ್ಳಗೆ ಉರಿಯಿತು. ಯಂತ್ರ ಕಣಜದಂತೆ ಮೊರೆದು, ಗೋಡೆಯಲ್ಲಿದ್ದ ಹೊಟ್ಟೆದಪ್ಪದ ಅಡಾಪ್ಟರಿನಿಂದ ಹೊಗೆ ಬಿಟ್ಟು, ಸುಮ್ಮನಾಯಿತು.

ಹೊಗೆಯ ವಾಸನೆಗೆ ಅಜ್ಜಿ ಬಂದರು. "ಎಂಥದೇ ಅದು?" ಹೇಳಿದೆ. ನನ್ನನ್ನು ಹಸುಗೂಸಾಗಿದ್ದಾಗ ಹಂಡೆಯ ಪಕ್ಕ ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ಅರಿಶಿನ ಹಾಕಿ ಕಲಸಿದ ಹಿಟ್ಟಿನ ಉಂಡೆಯನ್ನು ಮೈಮೇಲೆ ಉರುಳಿಸಿ, ಹುಟ್ಟುಗೂದಲು ತೆಗೆದವರು ಅವರು. ತಾನು ಅಷ್ಟು ಚೊಕ್ಕವಾಗಿ ಮಾಡಿದ್ದ ಕೆಲಸ ಕೆಟ್ಟದ್ದು ಅವರಿಗೆ ಬೇಸರವೇ ಆಯಿತು. ಆಮೇಲೆ ಸೀರೆಯನ್ನು ಗೇಣಷ್ಟು ಎತ್ತಿ ತಮ್ಮ ಕಾಲು ತೋರಿಸಿದರು. ಅಡಿಕೆ ತೋಟದ ಉಂಬಳ ಕಚ್ಚಿದ ಕಪ್ಪು ಕಲೆಗಳ ನಡುವೆ ಹುಡುಕಿದರೂ ಒಂದು ರೋಮವಿಲ್ಲ. "ಅದಕ್ಕೆಲ್ಲ ಯಂತ್ರ ಎಂತಕ್ಕೇ? ಪ್ರಾಯ ಹೋಗುವಾಗ ಅದನ್ನೂ ಕರಕೊಂಡು ಹೋಗ್ತದೆ."

ಇಪ್ಪತ್ತರ ಹುಡುಗಿಗೆ ಅದೊಂದು ಸಮಾಧಾನವೇ! ಒಂದೂವರೆ ಕಾಲು ನುಣುಪಾಗಿ, ಉಳಿದರ್ಧ ಹಾಗೇ ಇಟ್ಟುಕೊಂಡು ಆ ವಾರ ಮದುವೆಯೊಂದಕ್ಕೆ ಸೀರೆಯುಟ್ಟು ಹೋದೆ.

ಈ ಯಂತ್ರದ ಕುಲಗೋತ್ರ ತಿಳಿದದ್ದು ಬಹಳ ವರ್ಷಗಳ ಮೇಲೆ, ಇನ್ನೊಂದು ಮದುವೆಯ ಪಂಕ್ತಿಯಲ್ಲಿ. ಅಕ್ಕನ ಮಗ ಪೇಟೆಂಟ್ ವಕೀಲ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಚಿಕ್ಕಿ, ಕಾಲಿನ ಕೂದಲಿನ ಮೇಲೆ ದೊಡ್ಡ ಕೇಸೇ ಇದೆ" ಎಂದ. ಎದುರಿನ ಸಾಲಿನ ಭಟ್ಟರು ಅನ್ನ ಕಲಸುವುದನ್ನು ನಿಲ್ಲಿಸಿ ಆಲಿಸಿದರು. ಈ ಸ್ಪ್ರಿಂಗಿನ ಯಂತ್ರ, ಎಪಿಲೇಡಿ, ಹುಟ್ಟಿದ್ದು ಇಸ್ರೇಲಿನ ಹಗೋಶ್ರಿಮ್ ಎಂಬ ಕಿಬ್ಬುತ್ಸಿನಲ್ಲಿ, 1986ರಲ್ಲಿ. ಹೊಲ, ಊಟ, ದುಡಿಮೆ ಎಲ್ಲ ಕೂಡಿಯೇ ನಡೆಸುತ್ತಿದ್ದ ಊರಂತೆ ಅದು. ಕಳೆ ಕೀಳುವ ಜನರೇ ಇದನ್ನೂ ಕಂಡುಹಿಡಿದರಲ್ಲ ಎಂದು ನನಗೆ ಖುಷಿಯಾಯಿತು. ಹಿಂದೆಯೇ ರೆಮಿಂಗ್ಟನ್ ಕಂಪನಿ ಸ್ಪ್ರಿಂಗಿನ ಬದಲು ಸೀಳುಗಳಿರುವ ರಬ್ಬರಿನ ದಂಡ ತಿರುಗಿಸುವ ಯಂತ್ರ ತಂದಿತು. ರಬ್ಬರಿನ ದಂಡವೂ ಸ್ಪ್ರಿಂಗೇ ಹೌದೋ ಅಲ್ಲವೋ ಎಂದು ವ್ಯಾಜ್ಯ. ಇಂಗ್ಲೆಂಡಿನ ನ್ಯಾಯಾಧೀಶರು, ಬರೆದಿರುವುದು ಸ್ಪ್ರಿಂಗು, ಆದ್ದರಿಂದ ಇದು ನಕಲಲ್ಲ ಎಂದರು. ಜರ್ಮನಿಯವರು, ಕೆಲಸ ಅದೇ, ಆದ್ದರಿಂದ ನಕಲು ಎಂದರು. ಒಂದೇ ಪೇಟೆಂಟು, ಒಂದೇ ರಬ್ಬರು, ಎರಡು ನ್ಯಾಯ. ಕಾನೂನು ಓದುವ ಮಕ್ಕಳು ಇಂದಿಗೂ ಇದನ್ನು ಓದುತ್ತಾರಂತೆ. ಇಷ್ಟೊಂದು ತೂಗಿ ನೋಡಿದ ಆ ನ್ಯಾಯಮೂರ್ತಿಗಳು ಒಮ್ಮೆ ತಮ್ಮ ಕಾಲಿಗೇ ಹಿಡಿದು ನೋಡಿದ್ದರೆ ಎರಡೂ ಕಡೆಯವರಿಗೆ ದಂಡ ಹಾಕಿ ಎದ್ದು ಹೋಗುತ್ತಿದ್ದರು.

ನನ್ನ ಈಗಿನ ಯಂತ್ರದಲ್ಲಿ ಸ್ಪ್ರಿಂಗಿಲ್ಲ, ನಲವತ್ತು ಪುಟ್ಟ ಚಿಮುಟಗಳಿವೆ. ಚಾರ್ಜು ಮಾಡಿದರೆ ಸಾಕು, ವೋಲ್ಟಿನ ಹಂಗಿಲ್ಲ. ಮೂತಿಯಲ್ಲೊಂದು ದೀಪವಿದೆ. ಬಿಸಿನೀರಿನ ಸ್ನಾನದ ಮೇಲೆ ಹಿಡಿದರೆ ನೋವು ಕಡಿಮೆ. ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ನೆಟ್ಟಗೆ ಹಿಡಿದು, ನಿಧಾನ ಸಾಗಬೇಕು. ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿಯದಿದ್ದರೆ ಯಂತ್ರ ಕೂದಲು ಬಿಟ್ಟು ನಮ್ಮನ್ನೇ ಕಚ್ಚುತ್ತದೆ. ರಾತ್ರಿಯೇ ಮಾಡುವುದು ಒಳ್ಳೆಯದು, ಕೆಂಪು ಗುಳ್ಳೆಗಳು ಬೆಳಗಾಗುವಷ್ಟರಲ್ಲಿ ಇಳಿದಿರುತ್ತವೆ. ಆಗಾಗ ಹೆಸರುಹಿಟ್ಟು ಹಾಕಿ ಉಜ್ಜಬೇಕು, ಇಲ್ಲದಿದ್ದರೆ ಕೆಲವು ಕೂದಲು ದಾರಿ ತಪ್ಪಿ ಚರ್ಮದೊಳಗೇ ಸುರುಳಿ ಸುತ್ತಿಕೊಳ್ಳುತ್ತವೆ. ಇಷ್ಟೆಲ್ಲ ಮಾಡಿದರೂ ವಾರದೊಳಗೆ ಅಲ್ಲೊಂದು ಇಲ್ಲೊಂದು ಮೂತಿ ತೋರಿಸುತ್ತದೆ. ಯಂತ್ರದ ತಪ್ಪಲ್ಲ. ಕೂದಲೆಲ್ಲ ಒಟ್ಟಿಗೆ ಬೆಳೆಯುವುದಿಲ್ಲ. ಕೆಲವು ಎದ್ದಿದ್ದರೆ ಕೆಲವು ಒಳಗೆ ನಿದ್ದೆಯಲ್ಲಿರುತ್ತವೆ. ತಲೆಗೂದಲು ವರ್ಷಗಟ್ಟಲೆ ಎಚ್ಚರವಿದ್ದು ಬೆಳೆಯುತ್ತದೆ, ಕಾಲಿನದ್ದು ಕೆಲವೇ ತಿಂಗಳು. ಹಾಗಾಗಿಯೇ ಕಾಲಿಗೆ ಜಡೆ ಹಾಕುವ ಕಷ್ಟ ನಮಗೆ ಬಂದಿಲ್ಲ.

ಮಗಳಿಗೆ ಇದಾವುದೂ ಬೇಡ. ರಜೆಗೆ ಬಂದಾಗ ಚಡ್ಡಿ ಹಾಕಿಕೊಂಡು, ಕಾಲ್ಗೂದಲು ಬಿಟ್ಟುಕೊಂಡು ಊರೆಲ್ಲ ತಿರುಗುತ್ತಾಳೆ. ಯಂತ್ರ ಕೊಡಲು ಹೋದೆ. "ಅದರ ಪಾಡಿಗೆ ಅದು ಇರಲಿ ಬಿಡಮ್ಮಾ, ನಿನಗೇನು ಮಾಡಿತು?" ಎಂದಳು. ಏನು ಮಾಡಿತು? ಉತ್ತರ ಹೊಳೆಯಲಿಲ್ಲ. ಅಪ್ಪಯ್ಯನ ಕೆನ್ನೆ ಗಾಯವಾಯಿತು, ಅಡಾಪ್ಟರು ಸುಟ್ಟಿತು, ಎಷ್ಟೋ ರಾತ್ರಿ ಬಚ್ಚಲಿನಲ್ಲಿ ಕಣ್ಣೀರು ಹಾಕಿದೆ. ಆದರೆ ಇದರಲ್ಲಿ ಯಾವುದನ್ನೂ ಕೂದಲು ಮಾಡಿದ್ದಲ್ಲ.

ಮಗಳು ಹೊರಟ ಮೇಲೆ ಕಳೆದ ಭಾನುವಾರ ರಾತ್ರಿ ಯಂತ್ರ ಹಿಡಿದು ಕೂತೆ. ಮೂರು ತಿಂಗಳಾಗಿತ್ತು ಅದನ್ನು ಮುಟ್ಟಿ. ಚರ್ಮ ಎಳೆದು ಹಿಡಿದರೂ ಮೊದಲಿನಂತೆ ಬಿಗಿಯಾಗಲಿಲ್ಲ. ಯಂತ್ರ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಬರಿದೇ ಗುಂಯ್‌ಗುಟ್ಟುತ್ತ ಹೋಯಿತು. ಒಂದೂ ಸಿಕ್ಕಿದ ಸದ್ದಿಲ್ಲ, ನೋವಿಲ್ಲ. ಕೆಟ್ಟಿರಬೇಕು ಎಂದು ಆರಿಸಿ, ಮತ್ತೆ ಹಾಕಿ, ಕನ್ನಡಕ ತಂದು ಅದರ ದೀಪದ ಬೆಳಕಿನಲ್ಲೇ ನೋಡಿದೆ. ಅಜ್ಜಿಯ ಕಾಲು. ಉಂಬಳದ ಕಲೆಗಳು ಮಾತ್ರ ಇಲ್ಲ.

ಎಣಿಸಿದೆ. ಎರಡೂ ಕಾಲು ಸೇರಿ ಹನ್ನೊಂದು ಕೂದಲಿದ್ದವು, ಅದರಲ್ಲಿ ನಾಲ್ಕು ಬೆಳ್ಳಗೆ. ಒಂದನ್ನೂ ಮುಟ್ಟಲಿಲ್ಲ. ಗದ್ದದ ಮೇಲೆ ಈಚೆಗೆ ಹೊಸದಾಗಿ ಒಂದು ಬರುತ್ತದೆ, ತಂತಿಯಂಥದ್ದು. ಅದನ್ನು ಮಾತ್ರ ಬೇರು ಸಮೇತ ಕಿತ್ತು ಮಲಗಿದೆ.