ಕಥೆ ಮರೆತ ಮೇಲೆ ಉಳಿದವರು

ಓದುವ ಚಟವಿದೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: ನಿಮ್ಮ ಮೇಲೆ ಗಾಢ ಪ್ರಭಾವ ಬೀರಿದ ಕೃತಿ ಯಾವುದು? ಇಂಥ ಪ್ರಶ್ನೆಗೆಂದೇ ಒಂದು ಗೌರವಸ್ಥ ಉತ್ತರವನ್ನು ಎಲ್ಲರೂ ಇಸ್ತ್ರಿ ಮಾಡಿ ಇಟ್ಟುಕೊಂಡಿರುತ್ತಾರೆ. ನನ್ನ ಹತ್ತಿರವೂ ಇದೆ. ‘ಮಲೆಗಳಲ್ಲಿ ಮದುಮಗಳು’ ಎನ್ನುತ್ತೇನೆ. ಎದುರಿನವರು ತಲೆದೂಗುತ್ತಾರೆ. ಅಲ್ಲಿಗೇ ಬಿಟ್ಟರೆ ಇಬ್ಬರಿಗೂ ಕ್ಷೇಮ. ಅದರಲ್ಲಿ ನಿಮಗೇನು ಹಿಡಿಸಿತು ಎಂದು ಮುಂದುವರಿದರೋ, ಕಷ್ಟಕ್ಕೆ ಬಂತು. ನಿಜ ಹೇಳಬೇಕೆಂದರೆ, ನಾಯಿ ಎನ್ನಬೇಕಾಗುತ್ತದೆ.

1967ರಲ್ಲಿ ಬಂದ ಆ ಕಾದಂಬರಿಯಲ್ಲಿ ಏನಿಲ್ಲ? ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹೂವಳ್ಳಿ ಎಂದು ಸಾಲುಸಾಲು ಮನೆಗಳಿವೆ. ಆ ಮನೆಗಳ ಸಾಲ, ಮದುವೆ, ಹಗೆ, ಗುಟ್ಟುಗಳಿವೆ. ಮೇಗರವಳ್ಳಿಯ ಪಾದ್ರಿ ಇದ್ದಾನೆ. ದೂರದ ಷಿಕಾಗೋದಲ್ಲಿ ಮಾತಾಡಿದ ವಿವೇಕಾನಂದರ ಸುದ್ದಿಯೂ ಆ ಕಾಡಿನೊಳಕ್ಕೆ ಹೊಕ್ಕಿದೆ. ಯಾರು ಯಾರಿಗೆ ಏನಾಗಬೇಕು ಎಂಬ ನಂಟಿನ ಲೆಕ್ಕ ಇವತ್ತಿಗೂ ನನಗೆ ಅರ್ಧ ತಪ್ಪುತ್ತದೆ. ಗುತ್ತಿಯ ಹಿಂದೆ ಕಾಡುದಾರಿಯಲ್ಲಿ ಬರುವ ಹುಲಿಯ ಮಾತ್ರ ಒಂದು ಹೆಜ್ಜೆಯನ್ನೂ ತಪ್ಪಿಸಿಲ್ಲ. ಆ ನಾಯಿಯಿಂದಾಗಿ ಒಡೆಯನೇ ನಾಯಿಗುತ್ತಿ ಎನಿಸಿಕೊಂಡಿದ್ದಾನೆ. ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವಾಗ, ಆ ದೊಡ್ಡ ಪುಸ್ತಕದಲ್ಲಿ ಅಲ್ಲಿಯವರೆಗೆ ಸತ್ತ ಮನುಷ್ಯರಿಗೆಲ್ಲ ತಡೆದಿಟ್ಟಿದ್ದ ದುಃಖ ಒಟ್ಟಿಗೆ ಬರುತ್ತದೆ. ದೊಡ್ಡದು ಸಣ್ಣದೆಂಬ ಭೇದ ಈ ಲೋಕದಲ್ಲಿ ಸಲ್ಲದು ಎಂಬರ್ಥದ ಮಾತನ್ನು ಕುವೆಂಪು ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟಿದ್ದಾರೆ. ಓದುವಾಗ ಅದನ್ನು ದರ್ಶನವೆಂದು ಗೌರವಿಸಿ ಪುಟ ತಿರುಗಿಸಿದ್ದೆ. ಅದು ಓದುಗನ ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದರ ವರದಿಯೂ ಹೌದೆಂದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಆಮೇಲೆ ನನಗೆ ಮೆಚ್ಚಿಗೆಯಾದ ಬೇರೆ ಪುಸ್ತಕಗಳನ್ನೂ ಹೀಗೇ ಒಂದೊಂದಾಗಿ ತಟ್ಟಿ ನೋಡಿದೆ. ಕಥೆ ಬಹುಮಟ್ಟಿಗೆ ಉದುರಿಹೋಗಿತ್ತು. ಉಳಿದವರು ಯಾರೆಂದು ನೋಡಿದರೆ, ಎಲ್ಲರೂ ಪಕ್ಕದ ಸಾಲಿನವರು.

ತೇಜಸ್ವಿಯವರ ‘ಕರ್ವಾಲೊ’ 1980ರದು. ವಿಕಾಸವಾದ, ಕಾಲ, ಜ್ಞಾನದ ಮಿತಿ ಎಂದೆಲ್ಲ ಅದರ ಬಗ್ಗೆ ಗಂಭೀರವಾಗಿ ಮಾತಾಡಬಹುದು, ನಾನೂ ಮಾತಾಡಿದ್ದೇನೆ. ಆದರೆ ವಿಜ್ಞಾನಿ ಕರ್ವಾಲೊ ಅವರ ಮುಖ ನನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿಲ್ಲ. ಮಂದಣ್ಣ ಇದ್ದಾನೆ, ಹಾವಿನ ಎಂಗ್ಟ ಇದ್ದಾನೆ, ಮರ ಹತ್ತುವುದರಲ್ಲಿ ನಿಸ್ಸೀಮನಾದ ಬಿರಿಯಾನಿ ಕರಿಯಪ್ಪ ಇದ್ದಾನೆ, ನಿರೂಪಕರ ನಾಯಿ ಕಿವಿ ಇದೆ. ಜಗತ್ತಿನ ಮಹಾ ವಿಸ್ಮಯವೊಂದನ್ನು ಹುಡುಕಿ ಕಾಡಿಗೆ ಹೋಗುವ ತಂಡವೆಂದರೆ ಇದೇ! ಪಟ್ಟಿ ನೋಡಿದರೆ ಊರ ಕಟ್ಟೆಯ ಮೇಲೆ ಹರಟುವ ಗುಂಪು. ಹಾರುವ ಓತಿ ಕೊನೆಯಲ್ಲಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಅದನ್ನು ನಾನು ಮರೆತಿಲ್ಲ, ನಿಜ. ಆದರೆ ಅದನ್ನು ಆ ಗುಂಪಿನ ಹಿಂದೆ ನಿಂತು ನೋಡಿದ್ದರಿಂದಲೇ ಮರೆತಿಲ್ಲ ಎಂದು ನನ್ನ ಗುಮಾನಿ.

ದೇವನೂರ ಮಹಾದೇವ ಅವರ ‘ಒಡಲಾಳ’ವಂತೂ ಈ ವಿಚಾರದಲ್ಲಿ ಒಂದು ಕೈ ಮೇಲು. ಅಲ್ಲಿ ಹುಡುಕಾಟ ಸಾಕವ್ವನ ಕಳೆದುಹೋದ ಹುಂಜಕ್ಕಾಗಿ. ರಾತ್ರಿ ಒಲೆಯ ಸುತ್ತ ಕುಳಿತು ಮನೆಮಂದಿಯೆಲ್ಲ ಮೂಟೆಗಟ್ಟಲೆ ಕಡಲೆಕಾಯಿ ತಿನ್ನುವ ಭಾಗವನ್ನು ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಪೊಲೀಸರು ಬಂದ ಮೇಲೆ ಆ ನಗು ಗಂಟಲಲ್ಲೇ ನಿಂತಿತು. ಬಡತನದ ಬಗ್ಗೆ ಓದಿದ ಲೇಖನಗಳ ಅಂಕಿಅಂಶ ಒಂದೂ ತಲೆಯಲ್ಲಿ ನಿಂತಿಲ್ಲ. ಆ ಹುಂಜ ಮಾತ್ರ ಸಾಕವ್ವನ ಬೈಗುಳದ ಸಮೇತ ನಿಂತಿದೆ. ಗೋಡೆಯ ಮೇಲೆ ಪುಟ್ಟಗೌರಿ ಬರೆಯುವ ನವಿಲೂ ಅಷ್ಟೆ.

ಭೈರಪ್ಪನವರ ‘ಗೃಹಭಂಗ’ದಲ್ಲಿ ನಂಜಮ್ಮನೇ ನಡುಮನೆಯವಳು, ಪಕ್ಕದವಳಲ್ಲ. ಪ್ಲೇಗು ಆ ಸಂಸಾರದ ಮೇಲೆ ಎರಗಿದ್ದನ್ನು ಯಾರು ತಾನೇ ಮರೆತಾರು? ಹಾಗಿದ್ದೂ ದಿನಬಳಕೆಯಲ್ಲಿ ನನಗೆ ನೆನಪಾಗುವುದು ಅವಳು ಹಚ್ಚುವ ಮುತ್ತುಗದ ಎಲೆ. ಕುಂತಲ್ಲೇ ಉಂಡು ತೇಗುವ ಗಂಡ ಚೆನ್ನಿಗರಾಯ. ಅವನ ಶಾನುಭೋಗಿಕೆಯ ಲೆಕ್ಕವನ್ನೂ ಬರೆದು, ಎಲೆಯನ್ನೂ ಹಚ್ಚಿ ಮಾರುವ ಹೆಂಡತಿ. ಸಂತರ್ಪಣೆಯಲ್ಲಿ ಎಲೆ ಮುಂದೆ ಕುಳಿತಾಗ, ಇದನ್ನು ಹಚ್ಚಿದ ಕೈಯ ಮನೆಯಲ್ಲಿ ಇವತ್ತು ಒಲೆ ಉರಿಯಿತೋ ಇಲ್ಲವೋ ಎಂಬ ಯೋಚನೆ ಸುಮ್ಮನೆ ಹಾದುಹೋಗುತ್ತದೆ. ಎರಡನೆಯ ಸಲ ಪಾಯಸ ಬಡಿಸಲು ಬಂದಾಗ ಬೇಡವೆನ್ನುವಷ್ಟು ದೊಡ್ಡ ಯೋಚನೆಯೇನಲ್ಲ ಅದು.

ಯಾಕೆ ಹೀಗೆ? ನನಗೆ ತೋಚಿದ ಕಾರಣ ಇಷ್ಟು. ನಾಯಕನ ಹೆಗಲ ಮೇಲೆ ಲೇಖಕನ ವಾದದ ಹೊರೆ ಇರುತ್ತದೆ. ಅವನು ಒಂದು ಕಾಲದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕಾಲ ಬದಲಾದಂತೆ ಪ್ರಶ್ನೆ ಹಳತಾಗುತ್ತದೆ, ಅವನೂ ಕೊಂಚ ಮಾಸುತ್ತಾನೆ. ಪಕ್ಕದ ಸಾಲಿನವನಿಗೆ ಅಂಥ ಜವಾಬ್ದಾರಿಯಿಲ್ಲ. ಬರಿಗೈಯಲ್ಲಿರುವುದರಿಂದ ಪುಸ್ತಕ ಮುಚ್ಚಿದ ಮೇಲೂ ನಮ್ಮ ಜೊತೆ ಹೊರಟುಬಿಡಬಲ್ಲ. ಪರೀಕ್ಷೆಯ ಗೈಡುಗಳಲ್ಲಿ, ಈಗ ಮೊಬೈಲಿನಲ್ಲಿ ಸಿಗುವ ಐದು ನಿಮಿಷದ ಸಾರಾಂಶಗಳಲ್ಲಿ ಮೊದಲು ಕತ್ತರಿ ಬೀಳುವುದು ಇಂಥವರಿಗೇ. ಕಥೆ ತಿಳಿಯುತ್ತದೆ, ಹುಲಿಯ ಸಿಗುವುದಿಲ್ಲ.

ಈ ಮಾತಿಗೆ ನನ್ನ ದೊಡ್ಡ ಸಾಕ್ಷಿ ಅನಂತಮೂರ್ತಿಯವರ ‘ಸಂಸ್ಕಾರ’ದ ಪುಟ್ಟ. 1965ರ ಆ ಕಾದಂಬರಿ ಎಬ್ಬಿಸಿದ ಚರ್ಚೆ ಸಣ್ಣದಲ್ಲ. 1970ರಲ್ಲಿ ಸಿನಿಮಾ ಆಯಿತು, 1976ರಲ್ಲಿ ರಾಮಾನುಜನ್ ಇಂಗ್ಲಿಷಿಗೆ ತಂದರು. ನಾರಣಪ್ಪನ ಹೆಣ, ಪ್ರಾಣೇಶಾಚಾರ್ಯರ ತೊಳಲಾಟ, ಚಂದ್ರಿ: ಮಾತಾಡುವವರೆಲ್ಲ ಇವುಗಳ ಸುತ್ತಲೇ ಸುತ್ತಿದರು. ಅಗ್ರಹಾರ ಬಿಟ್ಟು ಒಬ್ಬರೇ ನಡೆಯುತ್ತಿರುವ ಆಚಾರ್ಯರಿಗೆ ದಾರಿಯಲ್ಲಿ ಗಂಟುಬೀಳುವವನು ಈ ಮಾಲೇರರ ಪುಟ್ಟ. ಒಗಟು ಹಾಕುತ್ತಾನೆ, ಮೇಳಿಗೆಯ ಜಾತ್ರೆಗೆ ಕರೆದೊಯ್ಯುತ್ತಾನೆ, ಕಾಫಿ ಕುಡಿಸುತ್ತಾನೆ, ಬಾಯಿ ಮುಚ್ಚುವುದೇ ಇಲ್ಲ. ಇಪ್ಪತ್ತರ ಹರೆಯದಲ್ಲಿ ಓದುವಾಗ ಆಚಾರ್ಯರಷ್ಟೇ ಸಿಡಿಮಿಡಿ ನನಗೂ ಆಗಿತ್ತು. ಇಂಥ ಗಹನವಾದ ಸಂಕಟದ ನಡುವೆ ಈ ಬಾಯಿಬಡುಕ ಯಾಕೆ ಬಂದ ಎಂದು. ಈಗ ಓದಿದರೆ, ಆ ಕಾದಂಬರಿಯಲ್ಲಿ ಆಚಾರ್ಯರನ್ನು ಆಚಾರ್ಯರೆಂದು ತಿಳಿಯದೆ ಮನುಷ್ಯರಂತೆ ಮಾತಾಡಿಸಿದವನು ಅವನೊಬ್ಬನೇ ಅನ್ನಿಸುತ್ತದೆ. ಶಾಸ್ತ್ರ ಕೇಳಲಿಲ್ಲ, ತೀರ್ಪು ಕೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ದಾರಿಗೊಂದು ಜೊತೆ.

ಪುಸ್ತಕಗಳಿಂದ ಬದುಕು ಬದಲಾಯಿತು ಎಂದು ಹೇಳುವವರನ್ನು ಕಂಡರೆ ನನಗೆ ಅಸೂಯೆಯಿದೆ. ನನ್ನದು ಅಂಥ ರೀತಿಯಲ್ಲೇನೂ ಬದಲಾಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾವೂರು, ಏನು ಕೆಲಸ, ಮಕ್ಕಳೆಷ್ಟು ಎಂದು ಶುರುಮಾಡಿದರೆ ಮೊದಲೆಲ್ಲ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದೆ; ಈಗ ಊರು ಹೇಳುತ್ತೇನೆ, ಅವರದನ್ನೂ ಕೇಳುತ್ತೇನೆ. ಇದಕ್ಕಿಂತ ದೊಡ್ಡ ಪ್ರಭಾವದ ಕಥೆ ಬೇಕಿದ್ದವರು ಬೇರೆಯವರನ್ನು ವಿಚಾರಿಸಬಹುದು.