ಮರುಭೂಮಿಯಲ್ಲಿ ಅಶ್ವಶಿಕ್ಷೆ

ಸಂಸ್ಕೃತಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯನಿಗೂ ಕುದುರೆಗೂ ಏನು ಸಂಬಂಧವೆಂದು ವಾಚಕಮಹಾಶಯರು ಕೇಳಬಹುದು. ಸಂಬಂಧವು ಬಹಳ ಹಳೆಯದು. ಅಮರಕೋಶವನ್ನು ಬಾಯಿಪಾಠಮಾಡಿದ ಬಾಲಕನು ಕುದುರೆಯ ಬೆನ್ನನ್ನು ಮುಟ್ಟಿ ನೋಡುವುದಕ್ಕೆ ಮೊದಲೇ ಅದರ ಹತ್ತಾರು ಹೆಸರುಗಳನ್ನು ಬಲ್ಲವನಾಗಿರುತ್ತಾನೆ. ಹೆಸರುಗಳಾದ ಮೇಲೆ ವಲ್ಗಿತ, ಪ್ಲುತ, ಧೌರಿತಕವೇ ಮೊದಲಾದ ಐದು ಗತಿಗಳು. ಮೂವತ್ತು ವರ್ಷಕಾಲ ನಾವು ಇವನ್ನು ಹೇಳಿಕೊಟ್ಟೆವು. ಕಠೋಪನಿಷತ್ತಿನ ರಥರೂಪಕವನ್ನೂ ಹೇಳಿಕೊಟ್ಟೆವು. ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿಯು ಸಾರಥಿ ಎಂದು. ಆದರೆ ಎಳೆಯ ಕುದುರೆಯು ಆ ಲಗಾಮನ್ನು ಒಪ್ಪಿಕೊಳ್ಳುವ ಬಗೆ ಹೇಗೆ? ಅದನ್ನು ಹೇಳಬಲ್ಲವರು ರಾವುತರು. ಆ ಪಾಠವು ನಮಗೆ ಲಭಿಸಿದುದು ಅರುವತ್ತರ ಸಮೀಪದಲ್ಲಿ, ಮಾರವಾಡದ ಮರಳಿನ ಮೇಲೆ.

ನಮ್ಮ ಅಳಿಯಂದಿರಿಗೆ ಜೋಧಪುರಕ್ಕೆ ವರ್ಗವಾದುದರಿಂದ ಕಳೆದ ಚಳಿಗಾಲವನ್ನು ನಾವು ಮಗಳ ಮನೆಯಲ್ಲಿ ಕಳೆದೆವು. ‘ಮರು’ ಎಂಬ ಸಂಸ್ಕೃತಶಬ್ದವೇ ಆ ನಾಡಿನ ಹೆಸರಿನೊಳಗೆ ಅಡಗಿದೆ. ಅಲ್ಲಿಯ ಕುದುರೆಯನ್ನು ಒಮ್ಮೆ ಕಂಡವರು ಮರೆಯಲಾರರು. ಅದರ ಕಿವಿಗಳ ತುದಿಗಳು ಒಳಮುಖವಾಗಿ ಬಾಗಿ ಒಂದನ್ನೊಂದು ಮುಟ್ಟುವಂತಿರುತ್ತವೆ; ಕೊರಳು ಉನ್ನತ; ಕಾಲು ನೀಳ. ಅವುಗಳಲ್ಲಿ ಅನೇಕಕ್ಕೆ ‘ರೇವಾಲ್’ ಎಂಬ ನಡೆ ಹುಟ್ಟಿನಿಂದಲೇ ಬರುವುದುಂಟು. ಸವಾರನ ಬೆನ್ನು ಅಲುಗದಂತೆ ತೇಲಿಸಿಕೊಂಡು ಹೋಗುವ ನಡೆಯದು. ಒಂದು ಕಾಲದಲ್ಲಿ ಠಾಕೂರರ ಕೋಟೆಕೋಟೆಗೂ ಇಂತಹ ಲಾಯಗಳಿದ್ದುವು. ಮೋಟಾರು ಬಂದಿತು, ಯುದ್ಧದಲ್ಲಿ ಕುದುರೆಗೆ ಕೆಲಸವಿಲ್ಲದಂತಾಯಿತು, 1952ರಲ್ಲಿ ರಾಜಸ್ಥಾನದ ಜಹಗೀರುಗಳನ್ನು ಹಿಂತೆಗೆದುಕೊಳ್ಳುವ ಶಾಸನವಾದ ಮೇಲೆ ಲಾಯಗಳನ್ನು ಸಾಕುವ ಶಕ್ತಿಯೂ ಕುಂದಿತು. ಜೋಧಪುರದ ಮಹಾರಾಜ ಉಮೇದಸಿಂಹರಂತಹ ಕೆಲವರು ತಳಿಯನ್ನು ಕಾಪಾಡಿದುದರಿಂದ ಅದು ಉಳಿಯಿತು. ಈಗ ಆ ಕುದುರೆಗಳಲ್ಲಿ ಕೆಲವಕ್ಕೆ ಅನ್ನವಿಕ್ಕುವವರು ಪ್ರವಾಸಿಗಳು. ಚಳಿಗಾಲದಲ್ಲಿ ದೇಶವಿದೇಶಗಳಿಂದ ಬಂದು, ನಾಲ್ಕಾರು ದಿನ ಮರಳುದಿಣ್ಣೆಗಳ ನಡುವೆ ಸವಾರಿಮಾಡುತ್ತ, ರಾತ್ರಿ ಗುಡಾರಗಳಲ್ಲಿ ತಂಗುತ್ತ ಹೋಗುವ ಜನರವರು.

ಜೋಧಪುರದಿಂದ ಪಶ್ಚಿಮಕ್ಕಿರುವ ಒಂದು ಹಳ್ಳಿಯಲ್ಲಿ ಅಳಿಯಂದಿರ ಸ್ನೇಹಿತರೊಬ್ಬರಿಗೆ ಇಂತಹ ಲಾಯವಿತ್ತು. ಅವರ ಕರೆಯಂತೆ ಆರು ದಿನದ ಒಂದು ಯಾತ್ರೆಯಲ್ಲಿ ನಾವೂ ಹೊರಟೆವು. ಕುದುರೆಯ ಮೇಲಲ್ಲ, ಹಾಸಿಗೆ, ನೀರು, ಸಜ್ಜೆಯ ಹಿಟ್ಟುಗಳನ್ನು ಹೊತ್ತ ಒಂಟೆಗಾಡಿಯ ಮೇಲೆ! ನಿಧಾನವಾಗಿ ಚಲಿಸುವ ಎತ್ತರದ ಆಸನವಾದುದರಿಂದ ಎಲ್ಲವೂ ಕಾಣುತ್ತಿತ್ತು. ಬೆಳಗ್ಗೆ ಮರಳು ಬೂದಿಯ ಬಣ್ಣ, ಸಂಜೆ ಕುಂಕುಮದ ಬಣ್ಣ. ಅಲ್ಲಲ್ಲಿ ಖೇಜಡೀ ಮರಗಳು. ವಿಚಾರಿಸಿದರೆ ಅದು ನಮ್ಮ ಬನ್ನಿಯ ಮರವೇ, ಪಾಂಡವರು ಆಯುಧಗಳನ್ನಿಟ್ಟ ಶಮೀವೃಕ್ಷವೇ! ದೂರದ ದೇಶದಲ್ಲಿ ನಂಟರನ್ನು ಕಂಡಂತಾಯಿತು. ಚಿಂಕಾರ ಹರಿಣಗಳು ದಿಣ್ಣೆಯ ನೆತ್ತಿಯಲ್ಲಿ ನಿಂತು ನಮ್ಮನ್ನು ನೋಡಿ ಮರೆಯಾಗುತ್ತಿದ್ದುವು.

ಎಂಟು ಸವಾರರ ಆ ಸಾಲಿನಲ್ಲಿ ಬಿಜಲೀ ಎಂಬ ಹೆಣ್ಣುಗುದುರೆಯೊಂದಿತ್ತು. ನಾಲ್ಕು ವರ್ಷದ್ದು, ಕೆಂಪು ಬಣ್ಣದ್ದು. ಅತಿಥಿಗಳಿಗಾಗಿ ಅದನ್ನು ತಂದಿರಲಿಲ್ಲ, ಕಲಿಯಲೆಂದು ತಂದಿದ್ದರು. ಯಜಮಾನರು ನಮ್ಮೊಡನೆ ಮುಚ್ಚುಮರೆಯಿಲ್ಲದೆ ಹೇಳಿದರು. ಈ ಋತುವಿನಲ್ಲಿ ಅದು ಸ್ತಿಮಿತಕ್ಕೆ ಬಾರದಿದ್ದರೆ ವಸಂತದಲ್ಲಿ ತಿಲವಾಡಾದ ಜಾತ್ರೆಗೆ ಹೊಡೆಸಬೇಕು. ಕೂಳುದಂಡಕ್ಕೆ ಸಾಕುವ ಅನುಕೂಲ ತಮಗಿಲ್ಲ. ಜಾತ್ರೆಯಲ್ಲಿ ಬೆದರುವ ಕುದುರೆಯನ್ನು ಕೊಳ್ಳುವವರಾರು? ಮದುವೆಯ ಮೆರವಣಿಗೆಗಳಿಗೆ ಕುದುರೆ ಒದಗಿಸುವ ಪಟ್ಟಣದ ವ್ಯಾಪಾರಿಗಳೇ ಕೊಂಡಾರು. ವಾದ್ಯ, ಪಟಾಕಿ, ವಿದ್ಯುದ್ದೀಪಗಳ ನಡುವೆ, ಗಟ್ಟಿ ರಸ್ತೆಯ ಮೇಲೆ, ಬೆದರುವ ಸ್ವಭಾವದ ಪ್ರಾಣಿಯ ಬಾಳು ಎಂತಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಶಿಕ್ಷಕನು ಎಪ್ಪತ್ತರ ವೃದ್ಧ. ತಂದೆಯೂ ಅಜ್ಜನೂ ಇದೇ ಕೆಲಸದಲ್ಲಿದ್ದವರು. ಅಕ್ಷರ ಬಾರದು. ನಮ್ಮನ್ನು ‘ಮಾಸ್ಟರ್ ಸಾ’ ಎಂದು ಕರೆಯುತ್ತಿದ್ದನು. ಆತನ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ.

ಕುದುರೆಯು ಮೂರು ವರ್ಷ ತುಂಬುವವರೆಗೆ ಬೆನ್ನಿನ ಮೇಲೆ ಭಾರವಿಲ್ಲ. ಅದರ ಬೆನ್ನೆಲುಬು ಬಲಿಯುವುದಕ್ಕೆ ಐದಾರು ವರ್ಷಗಳೇ ಬೇಕು. ಎಳೆಯ ಬೆನ್ನನ್ನು ಕೆಡಿಸಿದರೆ ಮತ್ತೆ ಸರಿಪಡಿಸುವ ವಿದ್ಯೆಯಿಲ್ಲ. ಮೊದಲ ವರ್ಷದ ಯಾತ್ರೆಯಲ್ಲಿ ಎಳೆಯದು ಸವಾರನಿಲ್ಲದೆ, ಅನುಭವಸ್ಥ ಕುದುರೆಯೊಂದರ ಪಕ್ಕದಲ್ಲಿ ಹಗ್ಗದಿಂದ ನಡೆಯಬೇಕು. ಆಮೇಲೆ ಹಗುರವಾದ ಸವಾರನನ್ನು ಹೊತ್ತು ಅದರ ಹಿಂದೆ, ಆಮೇಲೆ ಸರಿಸಮನಾಗಿ, ಕಟ್ಟಕಡೆಗೆ ಸ್ವಲ್ಪ ಹೊತ್ತು ಮುಂದೆ. ಗುಂಪಿನಲ್ಲಿ ಬಾಳುವ ಪ್ರಾಣಿಯಾದುದರಿಂದ ಕುದುರೆಯು ಮೊದಲು ಗೆಳೆಯನ ಧೈರ್ಯವನ್ನು ಸಾಲ ಪಡೆಯುತ್ತದೆ. ತನ್ನ ಧೈರ್ಯ ಬೆಳೆಯುವುದು ಅನಂತರ.

ಮರಳಿನ ವಿಷಯದಲ್ಲಿ ಆತನಿಗೆ ಬಹಳ ಎಚ್ಚರ. ಮರಳು ಮೃದುವೆಂದು ನಾವು ತಿಳಿದಿದ್ದೇವೆ. ಆದರೆ ಗೊರಸು ಹೂಳುವಷ್ಟು ಆಳವಾದ ಮರಳಿನಲ್ಲಿ ಒಂದು ಹರದಾರಿ ನಡೆದರೆ ಗಟ್ಟಿನೆಲದ ಎರಡು ಹರದಾರಿಯ ದಣಿವು. ಅಲ್ಲಿ ಓಡಿಸಿದರೆ ಎಳೆಯ ಕಾಲಿನ ಸ್ನಾಯುರಜ್ಜುಗಳಿಗೆ ಪೆಟ್ಟು. ಆದುದರಿಂದ ಎಳೆಯದಕ್ಕೆ ಬಹುಮಟ್ಟಿಗೆ ನಡಿಗೆಯೇ. ದಿಣ್ಣೆಯನ್ನು ಇಳಿಯುವಾಗ ಓರೆಯಾಗಿ ಇಳಿಯಗೊಡಬಾರದು. ನೇರವಾಗಿ, ನಿಧಾನವಾಗಿ, ಕೊರಳನ್ನು ಸಡಿಲಬಿಟ್ಟು ಇಳಿಸಬೇಕು. ಸಂಜೆ ತಂಗಿದೊಡನೆ ಜೀನು ಬಿಚ್ಚಿ ಬೆನ್ನನ್ನು ಅಂಗೈಯಿಂದ ಮುಟ್ಟಿ ನೋಡುವುದು. ಗೊರಸುಗಳನ್ನು ಎತ್ತಿ ಮುಳ್ಳು ತೆಗೆಯುವುದು. ಭುರಟ್ ಎಂಬ ಹುಲ್ಲಿನ ಚುಚ್ಚುಗಾಯಿಗಳನ್ನು ಕಾಲಿನಿಂದಲೂ ಬಾಲದಿಂದಲೂ ಒಂದೊಂದಾಗಿ ಬಿಡಿಸುವುದು. ಕುದುರೆಯೊಂದಕ್ಕೆ ದಿನಕ್ಕೆ 30–40 ಲೀಟರು ನೀರು ಬೇಕು. ಕುದುರೆಗಳು ಕುಡಿದ ಮೇಲೆ ಮನುಷ್ಯರ ಚಹ. ಈ ನಿಯಮಕ್ಕೆ ಅತಿಥಿಗಳೂ ಹೊರತಲ್ಲ.

ಇಷ್ಟು ಶ್ರಮಪಟ್ಟು ಎಳೆಯದನ್ನು ಮರುಭೂಮಿಗೆ ಏಕೆ ತರಬೇಕು, ಲಾಯದ ಅಂಗಳದಲ್ಲಿಯೇ ಕಲಿಸಬಾರದೆ ಎಂದು ಕೇಳಿದೆವು. ಆತನು ನಕ್ಕು, “ಮಾಸ್ಟರ್ ಸಾ, ಅಂಗಳದಲ್ಲಿ ದಿನವೂ ಅದೇ ಗೋಡೆ. ಗೋಡೆ ಕಲಿತ ಕುದುರೆ ಗೋಡೆಯಾಚೆಗೆ ಮತ್ತೆ ಮರಿಯೇ” ಎಂದನು. ದಾರಿಯಲ್ಲಾದರೋ ಪ್ರತಿ ತಿರುವಿನಲ್ಲಿಯೂ ಹೊಸ ವಸ್ತು. ಆದರೆ ಎಂಟು ದಿಕ್ಕಿಗೂ ತೆರಪು. ಬೆದರಿದರೂ ಡಿಕ್ಕಿ ಹೊಡೆಯಲು ಏನಿಲ್ಲ. ದಾರಿ ಮುಂದಕ್ಕೆ ಸಾಗುತ್ತಿರುವುದರಿಂದ ಕಲಿಕೆಗೆ ಒಂದು ಗುರಿಯೂ ಇರುತ್ತದೆ. ಒಂಟೆಯ ವಾಸನೆಗೆ ಕುದುರೆಗಳು ಬೆದರುವುವೆಂದು ಗ್ರೀಕರ ಹೆರೊಡೊಟಸನು ಬರೆದಿದ್ದಾನೆ. ಪಾರಸೀಕರ ಸೈರಸನು ಒಂಟೆಗಳನ್ನು ಮುಂದಿಟ್ಟುಕೊಂಡೇ ಶತ್ರುವಿನ ಅಶ್ವಸೈನ್ಯವನ್ನು ಓಡಿಸಿದನಂತೆ. ಮಾರವಾಡದ ಮರಿಗಳಾದರೋ ಒಂಟೆಯ ನೆರಳಿನಲ್ಲಿಯೇ ಬೆಳೆಯುವುದರಿಂದ ನಮ್ಮ ಗಾಡಿಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಮೇಯುತ್ತಿದ್ದುವು. ಭಯವೆಂಬುದು ಎಷ್ಟುಮಟ್ಟಿಗೆ ಅಪರಿಚಯದ ಮಗುವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಮೂರನೆಯ ದಿನ ಆ ಪ್ರಸಂಗ ನಡೆಯಿತು. ಬೋರೆಯ ಮುಳ್ಳಿನ ಬೇಲಿಯೊಂದರಲ್ಲಿ ನೀಲಿಯ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿಕೊಂಡು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಮುಂದಿನ ಕುದುರೆಗಳು ದಾಟಿದುವು. ಬಿಜಲೀ ನಿಂತುಬಿಟ್ಟಿತು, ಮೂಗಿನ ಹೊಳ್ಳೆಗಳು ಅರಳಿದುವು, ಮೈ ನಡುಗಿತು. ಅದರ ಮೇಲಿದ್ದ ಹುಡುಗನು ವೃದ್ಧನ ತಮ್ಮನ ಮಗ, ಹದಿನೆಂಟರ ಪ್ರಾಯ. ಯಜಮಾನರ ಮುಂದೆ ಮಾನ ಹೋದೀತೆಂದು ಚಾವಟಿಯನ್ನೆತ್ತಿದನು. ವೃದ್ಧನು ಹಿಂದಿನಿಂದಲೇ, “ಇಳಿಸು ಕೈಯನ್ನು. ಅದು ಕೇಳುತ್ತಿದೆ, ಹಟಮಾಡುತ್ತಿಲ್ಲ” ಎಂದನು.

“ಕಾಕಾ ಸಾ, ಎಲ್ಲರೂ ಕಾಯುತ್ತಿದ್ದಾರೆ.”

“ಕಾಯಲಿ. ಹೊಡೆದರೆ ಹಾಳೆಯ ಭಯದ ಜೊತೆಗೆ ನಿನ್ನ ಭಯವೂ ಸೇರುತ್ತದೆ. ಆಮೇಲೆ ಎರಡನ್ನು ಬಿಡಿಸಬೇಕಾದೀತು.”

ಮುಂದೆ ಆದುದು ಇಷ್ಟೆ. ಮೋತೀ ಎಂಬ ಹಳೆಯ ಕುದುರೆಯನ್ನು ಹಿಂದಕ್ಕೆ ಕರೆತಂದು ಹಾಳೆಯ ಬಳಿ ನಿಲ್ಲಿಸಿದರು. ಬಿಜಲಿಯನ್ನು ಹಿಂತಿರುಗಗೊಡಲಿಲ್ಲ, ಮುಂದಕ್ಕೂ ನೂಕಲಿಲ್ಲ. ಅದು ಒಂದು ಹೆಜ್ಜೆ ಇಟ್ಟೊಡನೆ ಲಗಾಮು ಸಡಿಲವಾಗುತ್ತಿತ್ತು. ಕೊರಳಿನ ಮೇಲೆ ಕೈಯಾಡುತ್ತಿತ್ತು. ಹೀಗೆ ಇಪ್ಪತ್ತು ನಿಮಿಷ! ಅತಿಥಿಗಳಲ್ಲಿ ಒಬ್ಬಿಬ್ಬರು ಗಡಿಯಾರ ನೋಡಿಕೊಂಡರು. ಯಜಮಾನರ ಮುಖ ಚಿಕ್ಕದಾಯಿತು. ಕಡೆಗೆ ಬಿಜಲೀ ಹಾಳೆಯನ್ನು ಮೂಸಿ, ಒಮ್ಮೆ ಸೀನಿ, ದಾಟಿತು. ವೃದ್ಧನು ಅಷ್ಟಕ್ಕೇ ಬಿಡದೆ ಮತ್ತೊಂದು ಕಡೆಯಿಂದಲೂ ಅದನ್ನು ಕರೆತಂದನು. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿ ಇರುವುದರಿಂದ ಎಡಗಡೆಯಿಂದ ಕಂಡು ಒಪ್ಪಿದ ವಸ್ತುವಿಗೆ ಬಲಗಡೆಯಿಂದ ಮತ್ತೆ ಬೆದರುವುದುಂಟು.

ಇದರಿಂದ ಆತನು ಮುದ್ದುಮಾಡಿ ಕೆಡಿಸುವವನೆಂದು ತಿಳಿಯಬಾರದು. ಮರುದಿನ ಬೆಳಗ್ಗೆ ಅದೇ ಬಿಜಲೀ ಮೇವಿನ ಬಳಿ ಹುಡುಗನನ್ನು ಕಚ್ಚಲು ಬಂದಾಗ ಆತನು ಗದರಿದ ಗದರಿಕೆಗೆ ನಾವೇ ಬೆಚ್ಚಿದೆವು! ಆ ಗದರಿಕೆ ಅದೇ ಕ್ಷಣದಲ್ಲಿ ಬಂದಿತು, ಅದೇ ಕ್ಷಣದಲ್ಲಿ ಮುಗಿಯಿತು. ಮರುಕ್ಷಣ ಎಂದಿನಂತೆ ಮೇವು. ಭಯಕ್ಕೆ ಸೈರಣೆ, ಉದ್ಧಟತನಕ್ಕೆ ತಡೆ. ಎರಡನ್ನೂ ಬೇರೆಬೇರೆಯಾಗಿ ಗುರುತಿಸುವ ಕಣ್ಣೇ ಆ ವಿದ್ಯೆಯ ಸರ್ವಸ್ವ.

ಈ ಜ್ಞಾನವು ಎಷ್ಟು ಪ್ರಾಚೀನವೆಂದು ರಾತ್ರಿ ಬೆಂಕಿಯ ಬಳಿ ಕುಳಿತು ಯೋಚಿಸಿದೆವು. ಸುಮಾರು 3400 ವರ್ಷಗಳ ಹಿಂದೆ ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನು ರಥದ ಕುದುರೆಗಳ ಶಿಕ್ಷಣವನ್ನು ಮಣ್ಣಿನ ಫಲಕಗಳಲ್ಲಿ ಬರೆಯಿಸಿದನು. ಇಂದಿನ ತುರ್ಕಿಯಲ್ಲಿ, ಹಿತ್ತೀಯರ ರಾಜಧಾನಿಯ ಅವಶೇಷಗಳಲ್ಲಿ ಅವು ದೊರೆತಿವೆ. ಯಾವ ದಿನ ಎಷ್ಟು ದೂರ ನಡಿಗೆ, ಎಷ್ಟು ಓಟ, ಎಷ್ಟು ಮೇವು, ಯಾವಾಗ ಸ್ನಾನ ಎಂದು ತಿಂಗಳುಗಟ್ಟಲೆಯ ದಿನಚರಿಯದು. ಆ ಪರಭಾಷೆಯ ನಡುವೆ ‘ಐಕವರ್ತನ’, ‘ಪಂಜವರ್ತನ’, ‘ಸತ್ತವರ್ತನ’ ಎಂಬ ಶಬ್ದಗಳಿವೆ. ಒಂದು ಸುತ್ತು, ಐದು ಸುತ್ತು, ಏಳು ಸುತ್ತು ಎಂದರ್ಥ. ಸಂಸ್ಕೃತ ಬಲ್ಲವನಿಗೆ ಇವು ಮನೆಯ ಮಾತಿನಂತೆಯೇ ಕೇಳಿಸುತ್ತವೆ. ಗ್ರೀಸಿನ ಕ್ಸೆನೊಫನನು ಎಳೆಯ ಕುದುರೆಯನ್ನು ಜನಸಂದಣಿಯ ನಡುವೆ ನಡೆಸಿ, ಬೆದರಿದ ವಸ್ತುವಿನಲ್ಲಿ ಭಯಕಾರಣವಿಲ್ಲವೆಂದು ಸಾಮದಿಂದಲೇ ತಿಳಿಯಪಡಿಸಬೇಕೆಂದು ಬರೆದಿದ್ದಾನೆ. ನಮ್ಮ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಕುದುರೆಗಳ ವಿನೋದಕ್ಕೆ ಒಂದು ಪ್ರಕರಣವುಂಟು. ಈ ಗ್ರಂಥಗಳಲ್ಲಿ ಒಂದನ್ನೂ ಓದದ ವೃದ್ಧನು ಇವುಗಳ ಸಾರವನ್ನು ತನ್ನ ಅಂಗೈಯಲ್ಲಿಟ್ಟುಕೊಂಡಿದ್ದನು.

ಐದನೆಯ ದಿನ ಬಿಜಲಿಯನ್ನು ಸಾಲಿನ ಮುಂದೆ ಬಿಟ್ಟರು. ಒಣಗಿದ ಹಳ್ಳದ ಗುಂಟ ಅದು ಕಿವಿಗಳನ್ನು ನಿಮಿರಿಸಿಕೊಂಡು, ಪೊದೆಪೊದೆಯನ್ನೂ ಪರೀಕ್ಷಿಸುತ್ತ, ಅರ್ಧ ಮೈಲಿಯಷ್ಟು ದೂರ ನಡೆಯಿತು. ಯಜಮಾನರಿಗೆ ಆನಂದ, ಊರಿನವರೆಗೂ ಹಾಗೆಯೇ ಹೋಗಲೆಂದರು. ವೃದ್ಧನು ಒಪ್ಪಲಿಲ್ಲ. ಅದು ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ, ಮೋತಿಯ ಹಿಂದೆ ಕಳುಹಿಸಿಬಿಟ್ಟನು. “ಇವತ್ತು ಗೆದ್ದೆನೆಂದುಕೊಂಡು ಮಲಗಲಿ. ಇನ್ನಷ್ಟು ದೂರ ಕೇಳಿದರೆ ಸೋಲುತ್ತದೆ, ರಾತ್ರಿಯೆಲ್ಲ ಸೋಲನ್ನೇ ಮೆಲುಕುಹಾಕುತ್ತದೆ” ಎಂದನು. ಪಾಠವನ್ನು ಎಲ್ಲಿ ಪ್ರಾರಂಭಿಸಬೇಕೆಂಬುದನ್ನು ಶಿಕ್ಷಣಶಾಸ್ತ್ರದ ಪುಸ್ತಕಗಳು ಚೆನ್ನಾಗಿ ಹೇಳುತ್ತವೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದುದನ್ನು ನಾವು ಅಲ್ಲಿಯೇ ಕೇಳಿದೆವು.

ಇದು ಕುದುರೆಗೆ ಮಾತ್ರ ಅನ್ವಯಿಸುವ ಮಾತಲ್ಲ. ನಮ್ಮ ಮೊಮ್ಮಗನಿಗೆ ಒಂಬತ್ತು ವರ್ಷ. ಕನ್ನಡದ ಶಾಲೆಯಿಂದ ಹೋಗಿ ಅಲ್ಲಿ ಹಿಂದೀ ಪಾಠಕ್ಕೆ ಕುಳಿತ ಹುಡುಗ. ತರಗತಿಯಲ್ಲಿ ಎದ್ದುನಿಂತು ಓದೆಂದರೆ ಅವನ ಬಾಯಿ ಕಟ್ಟುತ್ತಿತ್ತು. ಹಟವೆಂದು ಕೆಲವರು, ಮಂದಬುದ್ಧಿಯೆಂದು ಕೆಲವರು. ಒಂದು ವರ್ಷ ಹಿಂದಿನ ತರಗತಿಯಲ್ಲಿ ಕುಳ್ಳಿರಿಸಬೇಕೆಂಬ ಮಾತೂ ಹುಟ್ಟಿತ್ತು. ಯಾತ್ರೆಯಿಂದ ಬಂದ ಮೇಲೆ ನಾವೂ ಮಗಳೂ ಕುಳಿತು ಒಂದು ಏರ್ಪಾಡು ಮಾಡಿಕೊಂಡೆವು. ನೆರೆಮನೆಯ ಹನ್ನೆರಡು ವರ್ಷದ ಹುಡುಗನು ದಿನವೂ ಸಂಜೆ ಬಂದು ಗಟ್ಟಿಯಾಗಿ ಓದತಕ್ಕದ್ದು. ಇವನು ಅವನ ಹಿಂದೆಯೇ ದನಿಗೂಡಿಸತಕ್ಕದ್ದು. ಅನಂತರ ಒಂದೇ ಒಂದು ವಾಕ್ಯವನ್ನು ತಾನೇ ಓದತಕ್ಕದ್ದು. ಅದನ್ನು ತಪ್ಪಿಲ್ಲದೆ ಓದಿದೊಡನೆ ಪುಸ್ತಕವನ್ನು ಮುಚ್ಚಿ ಆಟಕ್ಕೆ ಬಿಡತಕ್ಕದ್ದು. “ತಾತ, ಇನ್ನೊಂದು ಓದಲೇ?” ಎಂದು ಅವನೇ ಕೇಳುವುದಕ್ಕೆ ಹದಿನೇಳು ದಿನ ಹಿಡಿಯಿತು. ಫಾಲ್ಗುಣದ ವೇಳೆಗೆ ತರಗತಿಯಲ್ಲಿ ಅರ್ಧ ಪುಟ ಓದಿದನೆಂದು ತಿಳಿದುಬಂದಿತು. ಅಷ್ಟೇ ಸಾಕು, ಉಳಿದ ಅರ್ಧ ಪುಟವು ತಾನಾಗಿಯೇ ಬರುವುದು.

ಬಿಜಲಿಯನ್ನು ಈ ವರ್ಷ ಜಾತ್ರೆಗೆ ಕಳುಹಿಸಲಿಲ್ಲವೆಂದು ಅಳಿಯಂದಿರು ಬರೆದಿದ್ದಾರೆ. ಇನ್ನೊಂದು ಋತುವಿನ ಅವಕಾಶ ಅದಕ್ಕೆ ದೊರೆತಿದೆ. ಗಾಳಿಗೆ ಬಡಿದುಕೊಳ್ಳುವ ಹಾಳೆಯನ್ನು ಕಂಡರೆ ಈಗಲೂ ಒಂದು ಗಳಿಗೆ ನಿಲ್ಲುತ್ತದಂತೆ. ನಿಂತು, ನೋಡಿ, ಮುಂದಕ್ಕೆ ಹೋಗುತ್ತದಂತೆ. ಭಯವೇ ಇಲ್ಲದ ಪ್ರಾಣಿಯನ್ನು ಮಾಡುವುದು ಶಿಕ್ಷಕನ ಕೆಲಸವಲ್ಲ. ಭಯವಾದಾಗ ನಿಂತು ನೋಡುವ ಅಭ್ಯಾಸವನ್ನು ಕೊಟ್ಟರೆ ಅವನ ಋಣ ತೀರಿತು.

ಕೌಟಿಲ್ಯನು ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ, ಯುದ್ಧದಿಂದಲೂ ವ್ಯಾಧಿಯಿಂದಲೂ ಮುಪ್ಪಿನಿಂದಲೂ ಸವೆದ ಕುದುರೆಗಳಿಗೆ ಅನ್ನ ಮಾತ್ರ ತಪ್ಪಬಾರದೆಂದು ವಿಧಿಸಿದ್ದಾನೆ. ದುಡಿದು ದಣಿದವರಿಗೆ ಅನ್ನವು ಎಷ್ಟು ಸಲ್ಲುವುದೋ ಕಲಿಯಹೊರಟವರಿಗೆ ಕಾಲವೂ ಅಷ್ಟೇ ಸಲ್ಲುವುದು. ಮನೆಯಲ್ಲಿ ಎಳೆಯರನ್ನಿಟ್ಟುಕೊಂಡಿರುವ ಗೃಹಸ್ಥರು ಈ ಎರಡು ಋಣಗಳನ್ನೂ ಸ್ಮರಿಸುವರೆಂದು ನಂಬುತ್ತೇವೆ.