ಅಳೆಯೋ ಕೈ ಯಾರದು?

ನಮ್ಮ ಊರುಗಳಲ್ಲಿ ಅಳತೆ ಅನ್ನೋದು ಯಾವತ್ತೂ ನಮ್ಮ ಕೈಯಲ್ಲಿ ಇರಲಿಲ್ಲ. ಕಣದಲ್ಲಿ ರಾಗಿ ಅಳೆಯೋ ಕೊಳಗ ಗೌಡರದ್ದು, ಹೊಲ ಅಳೆಯೋ ಸರಪಳಿ ಸರ್ಕಾರದ್ದು, ಲೆಕ್ಕದ ಪುಸ್ತಕ ಶಾನುಭೋಗರದ್ದು. ಬೆವರು ಮಾತ್ರ ನಮ್ಮದು. ಅಳೆಸಿಕೊಳ್ಳೋದು ನಮ್ಮ ಪಾಡು, ಅಳೆಯೋದು ಅವರ ಹಕ್ಕು. ಕೊಳಗ ಹೋಯಿತು, ಶಾನುಭೋಗಿಕೆ ಹೋಯಿತು. ಅಳೆಯುವ ಅಧಿಕಾರ ಮಾತ್ರ ಜಾಗ ಬದಲಾಯಿಸಿಕೊಂಡು ಕೂತಿದೆ. ಅಂಥ ಒಂದು ಜಾಗ, ನಮ್ಮ ಕೇರಿಯ ಮಕ್ಕಳು ಕಸುಬು ಕಲಿಯೋಕೆ ಹೋಗುವ ಐಟಿಐ.

ಕುಶಲಕರ್ಮಿ ತರಬೇತಿ ಯೋಜನೆಯನ್ನ ಕೇಂದ್ರ ಸರ್ಕಾರ ಶುರು ಮಾಡಿದ್ದು 1950ರಲ್ಲಿ. ವೆಲ್ಡರ್‌ಗೆ 1 ವರ್ಷ, ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ 2 ವರ್ಷ. ಕಾಲೇಜಿನ ಫೀಜು ಕಟ್ಟಲಾರದ ಮನೆಗಳಿಗೆ ಎಸ್ಸೆಸ್ಸೆಲ್ಸಿ ಆದಮೇಲೆ ಹತ್ತಿರದಲ್ಲಿ ಕಾಣೋ ಬಾಗಿಲು ಇದು. ಇದನ್ನ ಬರೀ ಬಡವರ ಬಾಗಿಲು ಅಂದರೆ ಅರ್ಧ ಮಾತು. ಜಾತಿ ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡೋ ಜನರನ್ನೇ ಅಂತ ಬಾಬಾಸಾಹೇಬರು 1936ರಲ್ಲೇ ಬಿಡಿಸಿ ಹೇಳಿದರು. ಹುಟ್ಟಿನಿಂದ ಕೈಗಂಟಿದ ಕಸುಬನ್ನ ಬಿಟ್ಟು, ಕುಲ ಕೇಳದ ಕಸುಬೊಂದನ್ನ ಕೊಡ್ತೀನಿ ಅಂತ ಈ ಬಾಗಿಲು ನಮ್ಮವರಿಗೆ ಮಾತು ಕೊಟ್ಟಿದೆ. ಆ ಮಾತು ಸುಳ್ಳಾದರೆ ಅದು ಆಡಳಿತದ ಸಣ್ಣ ಲೋಪ ಅಲ್ಲ, ದ್ರೋಹ.

ನನ್ನ ತಮ್ಮ ಫಿಟ್ಟರ್ ಮುಗಿಸಿ ಸರ್ಟಿಫಿಕೇಟು ತಂದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೈಗೆ ವರ್ನಿಯರ್ ಕೊಟ್ಟು ಕಬ್ಬಿಣದ ತುಂಡೊಂದನ್ನ ಅಳಿ ಅಂದರಂತೆ. 0.02 ಮಿಲಿಮೀಟರಿನಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯೋ ಸಾಧನ ಅದು. ಅದರ ತತ್ವ ಇವನಿಗೆ ಬಾಯಿಪಾಠ. ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರ ಒತ್ತುವ ಥಿಯರಿ ಪರೀಕ್ಷೆಯಲ್ಲಿ ಒಳ್ಳೇ ಅಂಕ. ಆದರೆ 2 ವರ್ಷದಲ್ಲಿ ವರ್ನಿಯರ್ ಅವನ ಕೈಗೆ ಬಂದಿದ್ದು ಬೆರಳೆಣಿಕೆ ಸಲ. ಕಳೆದುಹೋದರೆ ಯಾರು ಕಟ್ಟಿಕೊಡೋದು ಅಂತ ಅದು ಬೀರುವಿನಲ್ಲಿ ಭದ್ರವಾಗಿತ್ತು. "ಕೈ ನಡುಗ್ತು ಕಣಕ್ಕಾ" ಅಂದ. ಹೆಲ್ಪರ್ ಆಗಿ ಬರೋದಾದ್ರೆ ಬಾ ಅಂದು ಕಳಿಸಿದ್ದರು. ಸಹಿ ಮಾಡೋಕೆ ಬಾರದ ನಮ್ಮವ್ವ ಸರ್ಟಿಫಿಕೇಟನ್ನ ತಿರುವಿ ನೋಡಿ ಅಂದಳು: "ಕಾಗ್ದ ಕೊಟ್ಟವ್ರೆ, ಕಸುಬು ಕೊಟ್ಟಿಲ್ಲ ಕಣವ್ವ."

ಗುಣಮಟ್ಟ ಖಾತ್ರಿ ಅಂತ ಸರ್ಕಾರಿ ಕಡತಗಳು ಹೇಳುವುದನ್ನ ಅವ್ವ ಒಂದೇ ಮಾತಲ್ಲಿ ಹೇಳಿ ಮುಗಿಸಿದ್ದಳು.

ನಮ್ಮ ಹುಡುಗರನ್ನ ಅಳೆಯೋಕೆ ಬೇಕಾದಷ್ಟು ಕೋಲುಗಳಿವೆ. ಹಾಜರಾತಿ ಶೇ. 80 ಇರಬೇಕು. ಜಾಬ್‌ನ ಅಳತೆ ಒಂದು ಗೆರೆ ತಪ್ಪಿದರೆ ಅಂಕ ಹೋಯಿತು. ಆದರೆ ಸಂಸ್ಥೆಯನ್ನ ಅಳೆಯೋರು ಯಾರು? ತಪಾಸಣೆ ಆಗುತ್ತಲ್ಲ ಅಂತೀರಿ. ತಮ್ಮ ಕಲಿತ ಕಡೆ ತಪಾಸಣೆಯ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿಸಿದರು. ಬಳಿದವರು ಹುಡುಗರೇ. ಬಂದ ಸಾಹೇಬರು ಯಂತ್ರ ಇದೆಯಾ ನೋಡಿದರು, ಓಡುತ್ತಾ ಕೇಳಲಿಲ್ಲ. ಯಾರ ಕೈಯಲ್ಲಿ ಓಡುತ್ತೆ ಅನ್ನೋದಂತೂ ಅವರ ಹಾಳೆಯಲ್ಲೇ ಇರಲಿಲ್ಲ. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನ ಹೊಸ ಯಂತ್ರ ಹಾಕಿ ಮೇಲಕ್ಕೆತ್ತಿದ್ದೇವೆ ಅಂತ 2022ರಲ್ಲಿ ದೊಡ್ಡದಾಗಿ ಉದ್ಘಾಟನೆ ಆಯಿತು. ಯಂತ್ರ ಬರಲಿ, ಬೇಡ ಅನ್ನೋರು ಯಾರು? ಬಂದಮೇಲೂ ಈ ಪ್ರಶ್ನೆ ಹಾಗೇ ನಿಂತಿರುತ್ತೆ: ಮುಟ್ಟೋರು ಯಾರು, ನಿಂತು ನೋಡೋರು ಯಾರು?

ಮರುವರ್ಷ ನಮ್ಮ ಕೇರಿಯಿಂದ ಇನ್ನಷ್ಟು ಮಕ್ಕಳು ಅಲ್ಲಿಗೇ ಸೇರಿದರು. ಆಗ ನಾನೂ ತಮ್ಮನೂ ಕೂತು ಒಂದು ಕೆಲಸ ಮಾಡಿದೆವು. ಪಠ್ಯಕ್ರಮ ಗುಟ್ಟೇನಲ್ಲ. ಭಾರತ್ ಸ್ಕಿಲ್ಸ್ ಅನ್ನೋ ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತೆ. ಯಾವ ಅಭ್ಯಾಸಕ್ಕೆ ಎಷ್ಟು ಗಂಟೆ ಅಂತ ನಂಬರು ಹಾಕಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದನ್ನ ನಾನು ನಮ್ಮ ಮಾತಿಗೆ ಇಳಿಸಿದೆ. ಬಿ.ಎ. ಓದಿದ್ದು ಹೀಗಾದರೂ ಕೇರಿಯ ಉಪಯೋಗಕ್ಕೆ ಬಂತು. ಅದರ ಮೇಲೆ ಪ್ರಶ್ನೆಗಳನ್ನ ಕಟ್ಟಿದೆವು. ತರಬೇತಿ ಚೆನ್ನಾಗಿದೆಯಾ, ಸುಮಾರಾ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಹೆದರಿದ ಹುಡುಗ ಚೆನ್ನಾಗಿದೆ ಅಂತಲೇ ಬರೀತಾನೆ. ಎಣಿಸೋಕೆ ಬರೋದನ್ನ ಕೇಳಿದೆವು. ಈ ವಾರ ಲೇತ್ ನಿನ್ನ ಕೈಯಲ್ಲಿ ಎಷ್ಟು ಹೊತ್ತಿತ್ತು? ವೆಲ್ಡಿಂಗ್ ರಾಡು ಎಷ್ಟು ಸಿಕ್ಕವು? ಕರೆಂಟಿಲ್ಲದೆ ಸುಮ್ಮನೆ ಕೂತಿದ್ದು ಎಷ್ಟು ದಿನ? ಯಾವ ನಂಬರಿನ ಅಭ್ಯಾಸವನ್ನ ನೀನೇ ಮಾಡಿದೆ, ಯಾವುದನ್ನ ನೋಡಿದೆ, ಯಾವುದನ್ನ ಮಾಡದೆಯೇ ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡಿದೆ? ಕಸ ಗುಡಿಸಿದ್ದು ಎಷ್ಟು ಸಲ?

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಗೂಗಲ್ ಫಾರ್ಮ್ ಸುಲಭ, ಆದರೆ ನಮ್ಮ ಮಾಹಿತಿ ಹೋಗಿ ಕೂರೋದು ಆ ಕಂಪನಿಯ ಕಣಜದಲ್ಲಿ. ಪುಕ್ಕಟೆ ಅನ್ನೋದೆಲ್ಲ ಬಿಡುಗಡೆ ಅಲ್ಲ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಡಿಕೆ, ಅದರ ಮೇಲೇ ಕಟ್ಟಿದ ಕೋಬೋ ಟೂಲ್‌ಬಾಕ್ಸ್ ಇವೆ. ಇವು ಒಳಗಿನ ಬರಹವನ್ನೂ ಬಚ್ಚಿಡದ ಮುಕ್ತ ತಂತ್ರಾಂಶಗಳು. ಸಿಗ್ನಲ್ ಇಲ್ಲದ ಕಡೆ ತುಂಬಿಟ್ಟು, ಸಿಕ್ಕಾಗ ಕಳಿಸಬಹುದು. ಪ್ರಶ್ನೆಗಳು ಕನ್ನಡದಲ್ಲೇ ಇರಬಹುದು. ಎಲ್ಲರ ಹತ್ತಿರ ಫೋನಿರಬೇಕು ಅಂತಲೂ ಇಲ್ಲ. ನಾವು ಒಂದೇ ಫೋನನ್ನ ಶನಿವಾರ ಸಂಜೆ ಅಂಬೇಡ್ಕರ್ ಭವನದ ಕಟ್ಟೆಯಲ್ಲಿ ಕೈಯಿಂದ ಕೈಗೆ ದಾಟಿಸಿದೆವು. ಬಂದ ಉತ್ತರಗಳನ್ನ ಲಿಬ್ರೆಆಫೀಸ್‌ನಲ್ಲಿ ಹಾಕಿ ಕೂಡಿದೆವು.

ಭಯ ಇತ್ತು. ಒಳಗಿನ ಅಂಕ ಸಂಸ್ಥೆಯ ಕೈಯಲ್ಲಿರುವಾಗ ಭಯ ಸುಳ್ಳಲ್ಲ. ಅದಕ್ಕೇ ಹೆಸರು ಕೇಳಲಿಲ್ಲ, ಇಮೇಲ್ ಕೇಳಲಿಲ್ಲ. ಹೆಣ್ಣೋ ಗಂಡೋ ಅಂತ ಕೇಳೋದನ್ನೂ ಬಿಟ್ಟೆವು. ಒಬ್ಬಳೇ ಹುಡುಗಿ ಇರುವ ತಂಡದಲ್ಲಿ ಆ ಪ್ರಶ್ನೆಯೇ ಅವಳ ಹೆಸರಾಗಿಬಿಡುತ್ತೆ. ಜಾತಿಯನ್ನೂ ಕೇಳಲಿಲ್ಲ. ಆದರೆ ನಾಲ್ಕು ವಾರದ ಲೆಕ್ಕವನ್ನ ಅಕ್ಕಪಕ್ಕ ಇಟ್ಟಾಗ, ಹೆಚ್ಚು ಸಲ ಗುಡಿಸಿದ ಸಾಲುಗಳಲ್ಲೇ ಯಂತ್ರ ಮುಟ್ಟಿದ ಹೊತ್ತು ಕಮ್ಮಿ ಇತ್ತು. ಆ ಸಾಲುಗಳು ಯಾರವು ಅಂತ ಕಟ್ಟೆಯ ಮೇಲೆ ಕೂತಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. ಜಾತಿಯ ಕಾಲಂ ಇಲ್ಲದ ಹಾಳೆಯ ಮೇಲೆ ಜಾತಿ ತಾನಾಗೇ ಬಂದು ಕೂತಿತ್ತು.

ಪಾಠ ಮಾಡೋ ಅತಿಥಿ ಬೋಧಕರನ್ನ ನಾವು ಶತ್ರು ಮಾಡಿಕೊಳ್ಳಲಿಲ್ಲ. ಅವರ ಸಂಬಳವೇ ತಿಂಗಳುಗಟ್ಟಲೆ ತಡ. ಲೆಕ್ಕ ತೋರಿಸಿದಾಗ "ರಾಡು ಕೊಡಿ ಅಂತ ಕೇಳಿ ಕೇಳಿ ನಂಗೂ ಸಾಕಾಗಿತ್ತು ಕಣಮ್ಮ" ಅಂದರು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಾಮಾನು ಖರೀದಿಯ ಲೆಕ್ಕ ಕೇಳಿ ಅರ್ಜಿ ಹಾಕಿದೆವು. ಪುಸ್ತಕದಲ್ಲಿ ಖರ್ಚಾಗಿದ್ದ ರಾಡುಗಳಿಗೂ ಮಕ್ಕಳ ಕೈಗೆ ಬಂದಿದ್ದ ರಾಡುಗಳಿಗೂ ತಾಳೆಯಾಗಲಿಲ್ಲ. ಆ ಎರಡು ಲೆಕ್ಕವನ್ನ ಪೋಷಕರ ಸಭೆಯಲ್ಲಿ ಗಟ್ಟಿಯಾಗಿ ಓದಿದೆವು. ಇದು ನಾವು ಕಂಡುಹಿಡಿದ ದಾರಿ ಅಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು 1994ರಲ್ಲಿ ಜನಸುನವಾಯಿ ಕರೆದು, ಸರ್ಕಾರದ ಕೂಲಿ ಪಟ್ಟಿಯನ್ನ ಹಳ್ಳಿಯ ಮುಂದೆಯೇ ಓದಿಸಿದ್ದರು. ಅವರಿಗೆ ಕಾಗದ ಇತ್ತು, ನಮಗೆ ಫೋನೂ ಇದೆ.

ಕ್ರಾಂತಿ ಆಗಲಿಲ್ಲ. ಕೆಟ್ಟ ಲೇತ್ ಕೆಟ್ಟೇ ಇದೆ, ಖಾಲಿ ಹುದ್ದೆ ಖಾಲಿಯೇ ಇದೆ. ಆದರೆ ಬೀರುವಿನ ಬೀಗ ತೆರೆಯಿತು. ವರ್ನಿಯರ್ ಬೆಂಚಿನ ಮೇಲೆ ಬಂತು. ಗುಡಿಸೋಕೆ ಸರದಿ ಪಟ್ಟಿ ಗೋಡೆಗೆ ಅಂಟಿತು, ಅದರಲ್ಲಿ ಎಲ್ಲರ ಹೆಸರೂ ಇದೆ. ಊರಗೌಡರ ಮಗನ ಕೈಗೂ ಪೊರಕೆ ಬಂತು, ನಮ್ಮ ಹುಡುಗಿಯ ಕೈಗೂ ಲೇತಿನ ಹಿಡಿ ಬಂತು.

ಒಂದು ಎಚ್ಚರ ಮಾತ್ರ ಬೇಕು. ಇದೇ ಸಾಧನ ನಾಳೆ ಮೇಲಿನವರ ಕೈಗೆ ಹೋದರೆ ಇನ್ನೊಂದು ಹಾಜರಾತಿ ಯಂತ್ರ ಆಗುತ್ತೆ. ಮೇಷ್ಟ್ರ ಬೆನ್ನಿಗೆ, ಮಕ್ಕಳ ಬೆನ್ನಿಗೆ ಇನ್ನೊಂದು ಕಣ್ಣು ಬೀಳುತ್ತೆ. ಪ್ರಶ್ನೆ ಬರೆಯೋರು ಕಲಿಯೋ ಮಕ್ಕಳೇ ಆಗಿರಬೇಕು, ಉತ್ತರ ಮೊದಲು ಓದೋರೂ ಅವರೇ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಓದಿ ಐಟಿಐ ಸೇರಿದ ಮಕ್ಕಳು ರಜೆಗೆ ಬಂದಾಗ ಎಷ್ಟು ಅಂಕ ಬಂತು ಅಂತ ಕೇಳಬೇಡಿ. ಈ ವಾರ ಯಾವ ಯಂತ್ರ ನಿನ್ನ ಕೈಯಲ್ಲಿತ್ತು ಅಂತ ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ. ಮುಂದಿನ ವಾರ ಮತ್ತೆ ಕೇಳಿ.